ಬೋರಲು ಹಾಕಿದ ಬೆಳ್ಳಿ ಲೋಟಗಳು

ಬೆಳ್ಳಿಗೆ ವಿಭೂತಿ ಹಚ್ಚಿ ತಿಕ್ಕುವಾಗ ಒಂದು ವಾಸನೆ ಬರುತ್ತದೆ. ಅರ್ಧ ದೇವರ ಮನೆಯದು, ಅರ್ಧ ಅಡುಗೆ ಮನೆಯದು. ಈಗ ಸಿಲ್ವರ್ ಪಾಲಿಶ್ ಬಾಟಲಿಯಲ್ಲಿ ಸಿಗುತ್ತದೆ, ಸೊಸೆ ತಂದಿಟ್ಟಿದ್ದಾಳೆ. ನನಗೆ ಮಾತ್ರ ವಿಭೂತಿಯೇ ಆಗಬೇಕು. ಹೋದ ವಾರ ನಿಟ್ಟೂರಿನಿಂದ ಒಂದು ಫೋನ್ ಬಂತು. ಮಾತಾಡಿ ಇಟ್ಟ ಮೇಲೆ ಕೈಗೆ ಏನಾದರೂ ಕೆಲಸ ಬೇಕೆನಿಸಿ, ಬೀರುವಿನ ಕೆಳಗಿನ ಖಾನೆಯಿಂದ ಬೆಳ್ಳಿ ಲೋಟಗಳನ್ನು ತೆಗೆದು ಹರಡಿಕೊಂಡು ಕೂತೆ. ತಾತನ ಕಾಲದ ಲೋಟಗಳು. ಪ್ರತಿಯೊಂದರ ತಳದಲ್ಲೂ ಚುಕ್ಕಿ ಚುಕ್ಕಿಯಾಗಿ ತಾತನ ಹೆಸರು ಹೊಡೆಸಿದೆ. ಆಗಿನ ಕಾಲದಲ್ಲಿ ಪಾತ್ರೆಗಳು ಮದುವೆ ಮುಂಜಿಗೆಂದು ಮನೆಯಿಂದ ಮನೆಗೆ ಓಡಾಡುತ್ತಿದ್ದವಲ್ಲ, ಹೆಸರಿಲ್ಲದಿದ್ದರೆ ವಾಪಸು ಬರುವ ಗ್ಯಾರಂಟಿ ಇರಲಿಲ್ಲ.

ಬೆರಳು ಆ ಚುಕ್ಕಿಗಳ ಮೇಲೆ ಹರಿದಾಗ ಹಿಂದಿನ ಮನೆಯ ಅತ್ತೆ ಬಂದು ಎದುರಿಗೆ ನಿಂತರು...

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾವು ಗುಬ್ಬಿಯಲ್ಲಿದ್ದೆವು. ಅಪ್ಪ ವಕೀಲರು, ಮನೆಯ ಮುಂದಿನ ಕೋಣೆಯೇ ಅವರ ಆಫೀಸು. ನಾನು ತುಮಕೂರಿನ ಕಾನ್ವೆಂಟಿನಲ್ಲಿ ಸ್ಕೂಲು ಮುಗಿಸಿ, ಅಲ್ಲೇ ಬಿ.ಎ. ಓದುತ್ತಿದ್ದೆ. ಬೆಳಗಿನ ರೈಲಿನಲ್ಲಿ ಹೋಗಿ ಸಂಜೆಯ ರೈಲಿನಲ್ಲಿ ಬರುವುದು. ನಮ್ಮ ಹಿತ್ತಲಿಗೆ ಬೆನ್ನು ಹಾಕಿಕೊಂಡಿದ್ದ ಪುಟ್ಟ ಮನೆ ಅತ್ತೆಯದು. ನೆಂಟಸ್ತನವೇನೂ ಇರಲಿಲ್ಲ. ಕಾನ್ವೆಂಟಿನ ಅಭ್ಯಾಸದಲ್ಲಿ ಮೊದಮೊದಲು ನಾನು ಅವರನ್ನು ಆಂಟಿ ಎಂದು ಕರೆದಿದ್ದೆ.

"ಆಂಟಿಯಂತೆ ಆಂಟಿ! ನಾನೇನು ದೊರೆಸಾನೀನಾ? ಅತ್ತೆ ಅನ್ನು ಕಣೇ. ನಂಗೊಬ್ಬ ಮಗ ಇದ್ದಿದ್ರೆ ನಿನ್ನೇ ತಂದ್ಕೋತಿದ್ದೆ. ಆ ಇಂಗ್ಲಿಷಲ್ಲೇ ನೀನು ಅವನನ್ನ ಬೈಕೊಂಡಿರ್ತಿದ್ದೆ," ಎಂದು ನಕ್ಕಿದ್ದರು. ಅಂದಿನಿಂದ ಅವರು ನನಗೆ ಅತ್ತೆ, ಅವರ ಯಜಮಾನರು ಮಾವ.

ಮಾವ ಒಂದು ಕಾಲದಲ್ಲಿ ತೆಂಗಿನಕಾಯಿ ವ್ಯಾಪಾರ ಮಾಡಿದವರು. ಪಾಲುದಾರರ ಜೊತೆ ಮನಸ್ತಾಪವಾಗಿ ಅಂಗಡಿ ಕೈಬಿಟ್ಟುಹೋಗಿ, ಬೇರೆಯವರ ಮಂಡಿಯಲ್ಲಿ ಗುಮಾಸ್ತರಾಗಿದ್ದರು. ಆದರೆ ಆ ಹಳೆಯ ಅಂಗಡಿಯ ಹೆಸರು ಊರಿನವರ ಬಾಯಲ್ಲಿ ಇನ್ನೂ ಉಳಿದಿತ್ತು. ಅವರು ಅಷ್ಟೊಂದು ಬಡವರಾದದ್ದು ಬೀದಿಗೆ ಗೊತ್ತಿರಲಿಲ್ಲ. ಗೊತ್ತಾಗಲು ಅತ್ತೆ ಬಿಡುತ್ತಲೂ ಇರಲಿಲ್ಲ. ಹಿತ್ತಲಿನಿಂದ ನೋಡುವ ನಮಗೆ ಮಾತ್ರ ತಿಳಿಯುತ್ತಿತ್ತು. ಹಗ್ಗದ ಮೇಲೆ ಅದದೇ ಸೀರೆಗಳು ಒಣಗುತ್ತಿದ್ದವು. ಕೆಲವು ಸಂಜೆ ಆ ಮನೆಯ ಹೆಂಚಿನಿಂದ ಹೊಗೆಯೇ ಏಳುತ್ತಿರಲಿಲ್ಲ.

ಅವರಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಸ್ಕೂಲು ಬಿಟ್ಟು ಮನೆಯಲ್ಲಿದ್ದಳು, ಮದುವೆಯ ವಯಸ್ಸು. ಚಿಕ್ಕವಳು ಗುಬ್ಬಿಯಲ್ಲೇ ಪಿ.ಯು.ಸಿ. ಮುಗಿಸಿದ್ದಳು. ಲೆಕ್ಕದಲ್ಲಿ ಬಹಳ ಬ್ರೈಟು. ಇಂಗ್ಲಿಷ್ ಹೇಳಿಸಿಕೊಳ್ಳಲು ಸಂಜೆ ನಮ್ಮ ಮನೆಗೆ ಬರುತ್ತಿದ್ದಳು. ತುಮಕೂರಿಗೆ ಹೋಗಿ ಬಿ.ಎಸ್ಸಿ. ಓದಬೇಕೆಂಬುದೊಂದೇ ಅವಳ ಆಸೆ. "ಅಕ್ಕಾ, ರೈಲಲ್ಲಿ ಕಿಟಕಿ ಪಕ್ಕದ ಸೀಟು ನಂದು. ಈಗಲೇ ಹೇಳಿದೀನಿ," ಎಂದು ಆಗಲೇ ಜಗಳ ತೆಗೆಯುತ್ತಿದ್ದಳು.

ಆದರೆ ಫೀಸು, ಪುಸ್ತಕ, ರೈಲಿನ ಪಾಸು... ಮಾವನ ಸಂಬಳದಲ್ಲಿ ಅದು ಆಗದ ಮಾತು. ಕಾಲೇಜು ಓದುವ ಬಡ ಮಕ್ಕಳಿಗೆ ಸರ್ಕಾರ ಸ್ಕಾಲರ್‌ಷಿಪ್ ಕೊಡುತ್ತದೆ, ಮಾರ್ಕ್ಸು ಇವಳಿಗೆ ಸಾಕಷ್ಟಿದೆ, ಆದಾಯ ಕಡಿಮೆ ಎಂದು ತಾಲ್ಲೂಕು ಆಫೀಸಿನಿಂದ ಸರ್ಟಿಫಿಕೇಟ್ ಬೇಕು ಅಷ್ಟೆ ಎಂದು ದಾರಿ ಹೇಳಿದವರು ನಮ್ಮಪ್ಪ. ಸರ್ಟಿಫಿಕೇಟ್ ಕೊಡುವ ಮುಂಚೆ ರೆವಿನ್ಯೂ ಇನ್ಸ್‌ಪೆಕ್ಟರು ಮನೆಗೇ ಬಂದು ಸ್ಥಿತಿಗತಿ ನೋಡಿಕೊಂಡು ಹೋಗುತ್ತಾರೆ ಎಂದೂ ಹೇಳಿದರು. ಮಾವ ತಲೆ ತಗ್ಗಿಸಿ ಕೂತಿದ್ದರು. ಬಡವ ಎಂದು ಬರೆದು ಕೆಳಗೆ ಸಹಿ ಹಾಕಬೇಕಲ್ಲ.

"ಹಾಕ್ರೀ ಸಹಿನ," ಎಂದರು ಅತ್ತೆ. "ಸರ್ಕಾರದ ದುಡ್ಡು, ಕದ್ದಿದ್ದಲ್ಲ. ಬಂದು ನೋಡ್ಲಿ, ನಮ್ಮನೇಲಿ ಮುಚ್ಚಿಡೋಕೆ ಏನಿದೆ? ಆದ್ರೆ ವಕೀಲರೇ, ಈ ವಿಷ್ಯ ಬೀದಿಗೆ ಕೇಳಬಾರದು."

ಬೀದಿಗೆ ಕೇಳಬಾರದು ಎಂದದ್ದಕ್ಕೆ ಕಾರಣವಿತ್ತು. ಅದೇ ದಿನಗಳಲ್ಲಿ ದೊಡ್ಡವಳಿಗೆ ಕುಣಿಗಲ್ ಕಡೆಯಿಂದ ಒಂದು ಸಂಬಂಧ ಕೂಡಿಬರುವ ಹಾಗಿತ್ತು. ಹುಡುಗ ಸರ್ಕಾರಿ ಕ್ಲರ್ಕು. ಹಳೆಯ ಅಂಗಡಿಯ ಹೆಸರು ಕೇಳಿಯೇ ಅವರು ಮುಂದೆ ಬಂದಿದ್ದರು. ವರದಕ್ಷಿಣೆ ಜಾಸ್ತಿ ಕೇಳುವ ಜನವಲ್ಲ, ಆದರೆ ಗಟ್ಟಿ ಮನೆತನ ಬೇಕು ಎಂದಿದ್ದರಂತೆ. ಒಂದೇ ಮನೆ, ಒಬ್ಬ ಮಗಳಿಗೋಸ್ಕರ ಬಡವರೆಂದು ತೋರಿಸಿಕೊಳ್ಳಬೇಕು, ಇನ್ನೊಬ್ಬಳಿಗೋಸ್ಕರ ಅನುಕೂಲಸ್ಥರೆಂದು. ಇನ್ಸ್‌ಪೆಕ್ಟರು ಸೋಮವಾರ ಬರುತ್ತಾರೆಂದು ಸುದ್ದಿಯಿತ್ತು, ಕುಣಿಗಲ್ಲಿನವರು ಗುರುವಾರ. ಅತ್ತೆ ಅದನ್ನು ದೇವರ ದಯೆ ಎಂದುಕೊಂಡಿದ್ದರು.

ಸೋಮವಾರ ಇನ್ಸ್‌ಪೆಕ್ಟರು ಬರಲಿಲ್ಲ.

ಗುರುವಾರ ಬೆಳಿಗ್ಗೆಯಿಂದ ನಮ್ಮ ಮನೆಯ ಅರ್ಧ ಸಾಮಾನು ಹಿತ್ತಲ ಬಾಗಿಲಿನಿಂದ ಆ ಮನೆಗೆ ಹೋಯಿತು. ಬೆತ್ತದ ಕುರ್ಚಿಗಳು, ರೇಡಿಯೊ, ಬೆಳ್ಳಿ ತಟ್ಟೆ, ಈ ಲೋಟಗಳು. ಅಮ್ಮನ ಎರಡೆಳೆ ಸರ ಅತ್ತೆಯ ಕೊರಳಿಗೆ ಹೋಯಿತು. ಕಾನ್ವೆಂಟಿನಲ್ಲಿ ಸಿಸ್ಟರ್ ಹೇಳಿಕೊಟ್ಟು ನಾನು ಎಂಬ್ರಾಯ್ಡರಿ ಹಾಕಿದ್ದ ಟೇಬಲ್ ಕ್ಲಾತೂ ಹೋಯಿತು. ಮಂಡಿ ಯಜಮಾನರ ಮನೆಯಿಂದ ದೊಡ್ಡ ಜಮಖಾನ ಬಂತು. ಇದರಲ್ಲಿ ಯಾರಿಗೂ ತಪ್ಪು ಕಾಣುತ್ತಿರಲಿಲ್ಲ. ಹೆಣ್ಣು ನೋಡುವ ಶಾಸ್ತ್ರ ಎಂದರೆ ಆಗ ಹಾಗೇ. ಇವತ್ತು ನಮ್ಮ ಲೋಟ ಅವರ ಮನೆಗೆ, ನಾಳೆ ಅವರ ಕೊಳಗ ನಮ್ಮ ಮನೆಗೆ.

ನನಗೆ ಅತ್ತೆ ಒಂದೇ ಕೆಲಸ ಹಚ್ಚಿದ್ದರು. "ಅವರು ಕಾಫಿ ಕುಡಿದು ಮುಗಿಸ್ತಿದ್ದ ಹಾಗೇ ಲೋಟ ಇಸ್ಕೊಂಡ್ಬಿಡು. ಕೆಳಗಿಡೋಕೆ ಬಿಡಬೇಡ ಕಣೇ. ಹುಡುಗನ ತಾಯಿ ಬಲು ಚುರುಕಂತೆ, ತಿರುಗಿಸಿ ಹೆಸರು ಓದ್ಬಿಟ್ಟಾಳು."

ಕುಣಿಗಲ್ಲಿನವರು ಬಂದರು. ಹುಡುಗ ಕತ್ತು ಬಗ್ಗಿಸಿಕೊಂಡೇ ಕೂತಿದ್ದ, ಕೈಯಲ್ಲಿ ಮಿರಮಿರ ಮಿನುಗುವ ವಾಚು. ತಾಯಿ ಎತ್ತರದ ಹೆಂಗಸು. ಎಲೆಯಡಿಕೆ ಮೆಲ್ಲುತ್ತಾ ಮನೆಯ ಜಂತೆಯನ್ನೆಲ್ಲ ಕಣ್ಣಲ್ಲೇ ಅಳೆಯುತ್ತಿದ್ದರು. ದೊಡ್ಡವಳು ಬಂದು ನಮಸ್ಕಾರ ಮಾಡಿ ಒಳಗೆ ಹೋದಳು. ಉಪ್ಪಿಟ್ಟು, ಕೇಸರಿಬಾತು ಹಂಚಿಯಾಯಿತು. ನಾನು ಕಾಫಿ ಕೊಟ್ಟು, ಕುಡಿಯುವವರ ಪಕ್ಕದಲ್ಲೇ ಸೆಂಟ್ರಿಯ ಹಾಗೆ ನಿಂತಿದ್ದೆ. ಆಗ ಬೇಲಿಗೆ ಸೈಕಲ್ ಒರಗಿಸಿದ ಸದ್ದಾಯಿತು. ಕಂಕುಳಲ್ಲಿ ಫೈಲು ಹಿಡಿದು, ಬೆವರು ಒರೆಸಿಕೊಳ್ಳುತ್ತಾ ಒಬ್ಬರು ಬಾಗಿಲಲ್ಲಿ ನಿಂತರು.

"ಇದೇನಾ ಮನೆ? ನಾನು ತಾಲ್ಲೂಕು ಆಫೀಸಿಂದ, ನಿಮ್ಮ ಹುಡುಗೀದು..."

"ಬನ್ನಿ ಸ್ವಾಮಿ, ಬನ್ನಿ! ಒಳ್ಳೇ ಟೈಮಿಗೆ ಬಂದ್ರಿ. ಮೊದ್ಲು ಕಾಫಿ ತಗೊಳ್ಳಿ," ಎಂದು ಅತ್ತೆ ಅವರ ಮಾತನ್ನು ಅಲ್ಲೇ ತಡೆದರು. ಮಾವ ಎದ್ದವರು ಹಾಗೇ ನಿಂತುಬಿಟ್ಟರು.

"ಯಾರವ್ವ ಇವ್ರು?" ಎಂದರು ಹುಡುಗನ ತಾಯಿ.

"ನಮಗೆ ಬೇಕಾದೋರು. ತಾಲ್ಲೂಕು ಆಫೀಸಲ್ಲಿದಾರೆ."

"ನೋಡುದ್ರಾ," ಎಂದು ಆಕೆ ಗಂಡನ ಕಡೆ ತಿರುಗಿದರು. "ಆಫೀಸರ್‌ಗೊಳೇ ಮನೇತಂಕ ಬತ್ತಾರೆ."

ಇನ್ಸ್‌ಪೆಕ್ಟರು ಬೆತ್ತದ ಕುರ್ಚಿಯ ತುದಿಯಲ್ಲಿ ಕೂತರು. ಬೇರೆ ಯಾವ ದಿನ ಬಂದಿದ್ದರೂ ಆ ಮನೆಯಲ್ಲಿ ಅವರನ್ನು ಹರಿದ ಚಾಪೆಯ ಮೇಲೆ ಕೂರಿಸಿ, ಅಲ್ಯೂಮಿನಿಯಂ ಲೋಟದಲ್ಲಿ ನೀರು ಕೊಡಬೇಕಾಗಿತ್ತು. ಆವತ್ತು ಅವರ ಕಣ್ಣು ಜಮಖಾನದ ಮೇಲೆ, ರೇಡಿಯೊದ ಮೇಲೆ, ನನ್ನ ಎಂಬ್ರಾಯ್ಡರಿ ಹೂಗಳ ಮೇಲೆ, ಅತ್ತೆಯ ಕೊರಳಿನ ಸರದ ಮೇಲೆ ನಿಧಾನವಾಗಿ ಓಡಾಡಿತು. ಒಳಗಿನಿಂದ ಚಿಕ್ಕವಳು ಅವರಿಗೆ ಉಪ್ಪಿಟ್ಟು ತಂದಳು. ಮೊಣಕಾಲಿನ ಮೇಲಿದ್ದ ಫೈಲನ್ನು ನೋಡಿದಳು. ಅವಳಿಗೆ ಅರ್ಥವಾಯಿತು. ತಟ್ಟೆ ಕೊಟ್ಟು, ಅಮ್ಮನ ಮುಖವನ್ನೇ ನೋಡುತ್ತಾ ಒಂದು ಗಳಿಗೆ ನಿಂತಳು. ಅತ್ತೆ ಅವಳ ಕಡೆ ತಿರುಗಲೇ ಇಲ್ಲ.

ಕಾಫಿ ಮುಗಿಯಿತು. ನಾನು ಹೋಗುವ ಮೊದಲೇ ಅತ್ತೆ ಅವರ ಕೈಯಿಂದ ಲೋಟ ತೆಗೆದುಕೊಂಡು, ಹೊಸ್ತಿಲವರೆಗೂ ಬೀಳ್ಕೊಡಲು ಹೋದರು. ನಾನು ಬಾಗಿಲ ಹಿಂದೆ ಇದ್ದೆ.

"ನೋಡೀಮ್ಮ," ಎಂದರು ಅವರು ತಗ್ಗಿದ ದನಿಯಲ್ಲಿ. ಒಳ್ಳೆಯ ಮನುಷ್ಯ, ಅದರಲ್ಲಿ ನನಗೆ ಈಗಲೂ ಡೌಟಿಲ್ಲ. "ಮಕ್ಕಳ ಓದಿಗೆ ಅಡ್ಡ ಬರೋನಲ್ಲ ನಾನು. ಆದ್ರೆ ಕಣ್ಣಾರೆ ನೋಡಿದ್ದನ್ನ ಬರೀಲೇಬೇಕು. ನೀವೇ ಹೇಳಿ, ಇದೆಲ್ಲ ನಿಮ್ಮದೇನಾ?"

ಒಳಗೆ ಮಾತು ನಿಂತಿತ್ತು. ಹುಡುಗನ ತಾಯಿ ಎಲೆಯಡಿಕೆ ಮೆಲ್ಲುವುದನ್ನೂ ನಿಲ್ಲಿಸಿದ್ದರು. ಲೋಟ ಅತ್ತೆಯ ಕೈಯಲ್ಲಿತ್ತು, ಹೆಬ್ಬೆರಳು ಅದರ ತಳವನ್ನು ಒತ್ತಿ ಹಿಡಿದಿತ್ತು. ಮಾತೇ ಬೇಕಿರಲಿಲ್ಲ, ಸ್ವಲ್ಪ ತಿರುಗಿಸಿ ತೋರಿಸಿದ್ದರೆ ಸಾಕಾಗಿತ್ತು. ನಾನು ಬಾಯಿ ತೆರೆದೆನೇನೋ... ಅತ್ತೆ ಓರೆಗಣ್ಣಿನಲ್ಲಿ ನನ್ನನ್ನು ನೋಡಿದರು. ಆ ನೋಟಕ್ಕೆ ನಾನು ಬಾಗಿಲ ಮರೆಗೆ ಸರಿದೆ.

"ನಮ್ಮದೇ ಸ್ವಾಮಿ," ಎಂದರು ಅತ್ತೆ. ಒಳಗಿದ್ದವರಿಗೂ ಕೇಳುವಷ್ಟು ಜೋರಾಗಿ.

ಅವರು ತಲೆಯಾಡಿಸಿದರು. "ಕಾಫಿ ಚೆನ್ನಾಗಿತ್ತು ತಾಯಿ," ಎಂದು ಹೇಳಿ ಸೈಕಲ್ ಹತ್ತಿದರು.

ಆವತ್ತು ಸಂಜೆ ಅತ್ತೆ ಎಲ್ಲ ಲೋಟಗಳನ್ನೂ ವಿಭೂತಿ ಹಚ್ಚಿ ತಿಕ್ಕಿ, ತೊಳೆದು, ಬಿದಿರಿನ ಬುಟ್ಟಿಯಲ್ಲಿ ನಮ್ಮ ಮನೆಗೆ ತಂದುಕೊಟ್ಟರು. ಒಂದೊಂದನ್ನೂ ಬೋರಲು ಹಾಕಿ ಜೋಡಿಸಿದ್ದರು. ತಾತನ ಹೆಸರೆಲ್ಲ ಮೇಲೆ ಕಾಣುತ್ತಿತ್ತು.  ಅತ್ತೆ ಕೂರಲಿಲ್ಲ.

ಸರ್ಟಿಫಿಕೇಟ್ ಸಿಗಲಿಲ್ಲ. ಅಪ್ಪ ಸುಮ್ಮನಿರಲಿಲ್ಲ. ಮರುತನಿಖೆ ಕೇಳಿ ಅರ್ಜಿ ಕೊಡೋಣ, ಸಾಮಾನೆಲ್ಲ ನಮ್ಮದೆಂದು ನಾನೇ ಹೇಳಿಕೆ ಕೊಡುತ್ತೇನೆ ಎಂದರು. ಆದರೆ ಮರುತನಿಖೆ ಎಂದರೆ ಅಕ್ಕಪಕ್ಕದವರನ್ನು ಕರೆದು, ಪಂಚರ ಮುಂದೆ ಈ ಮನೆಯ ಬಡತನವನ್ನು ವಿಚಾರಿಸುತ್ತಾರೆ. ಕುಣಿಗಲ್ಲಿನವರ ಕಡೆಯ ಜನವೂ ಅದೇ ವಾರ ಅದೇ ಬೀದಿಯಲ್ಲಿ ಈ ಮನೆಯ ವಿಚಾರ ಕೇಳಿಕೊಂಡು ಓಡಾಡುತ್ತಿದ್ದರು. "ಅವರು ಒಪ್ಪಿಗೆ ಕಳಿಸ್ಲಿ, ಆಮೇಲೆ ನೋಡಣ," ಎಂದರು ಅತ್ತೆ. ಒಪ್ಪಿಗೆ ಬಂದ ಮೇಲೆ, "ಧಾರೆ ಒಂದು ಆಗ್ಲಿ," ಎಂದರು. ಧಾರೆಯಾಗುವ ಹೊತ್ತಿಗೆ ಸ್ಕಾಲರ್‌ಷಿಪ್ಪಿನ ಲಾಸ್ಟ್ ಡೇಟು ಕಳೆದುಹೋಗಿತ್ತು.

ಕಾಲೇಜು ಶುರುವಾದ ದಿನ ರೈಲಿನಲ್ಲಿ ಕಿಟಕಿಯ ಪಕ್ಕ ಸುಮ್ಮನೆ ಬ್ಯಾಗ್ ಇಟ್ಟುಕೊಂಡು ಕೂತಿದ್ದೆ. ಸಿಲ್ಲಿ, ಗೊತ್ತು. ಯಾರೋ ಹೆಂಗಸು ಬಂದು ಬ್ಯಾಗ್ ತೆಗಿಯಮ್ಮ ಎಂದಾಗ ತೆಗೆದೆ.

ಚಿಕ್ಕವಳು ಅತ್ತದ್ದನ್ನು ನಾನು ನೋಡಲಿಲ್ಲ. ಪಿ.ಯು.ಸಿ. ಪುಸ್ತಕಗಳನ್ನು ಅರ್ಧ ರೇಟಿಗೆ ಮಾರಿ, ಆ ದುಡ್ಡಿನಲ್ಲಿ ಟೈಪಿಂಗಿಗೆ ಸೇರಿದಳು. ಅಮ್ಮನ ಜೊತೆ ಜಗಳವನ್ನೂ ಆಡಲಿಲ್ಲ. ನಮ್ಮ ಮನೆಗೆ ಬರುವುದು ಮಾತ್ರ ಕಡಿಮೆ ಮಾಡಿದಳು. ಕೆಲವು ವರ್ಷದ ಮೇಲೆ ನಿಟ್ಟೂರಿನಲ್ಲಿ ಸೈಕಲ್ ಶಾಪ್ ಇಟ್ಟುಕೊಂಡಿದ್ದವರೊಬ್ಬರಿಗೆ ಅವಳನ್ನು ಕೊಟ್ಟರು. ನಾನು ಮದುವೆಯಾಗಿ ತುಮಕೂರಿಗೆ ಬಂದು, ಓದಿದ ಕಾನ್ವೆಂಟಿನಲ್ಲೇ ಟೀಚರ್ ಆದೆ. ಆ ನಡುವೆ ಮಾವ ತೀರಿಕೊಂಡ ಸುದ್ದಿ ಬಂತು...

ಎಂಬತ್ತರ ದಶಕದಲ್ಲಿ ಒಂದು ಬೆಳಿಗ್ಗೆ, ತುಮಕೂರಿನ ಪೋಸ್ಟಾಫೀಸಿನ ಕಟ್ಟೆಯ ಮೇಲೆ ಅತ್ತೆ ಕೂತಿದ್ದರು. ಕೂದಲು ಪೂರಾ ಬೆಳ್ಳಗಾಗಿತ್ತು. ಸೆರಗಿನ ತುದಿಯಲ್ಲಿ ಗಂಟು, ಕೈಯಲ್ಲಿ ಪಾಸ್‌ಬುಕ್ಕು.

"ಏನತ್ತೆ, ಇಲ್ಲಿ?"

"ಆರ್.ಡಿ. ಕಟ್ಟೋಕೆ ಬಂದೆ ಕಣೇ. ಚಿಕ್ಕವಳಿಗೆ ಮಗಳಿದಾಳಲ್ಲ, ಅದರ ಕಾಲೇಜಿಗೆ."

"ಅದಿನ್ನೂ ಅಂಗನವಾಡಿಗೆ ಹೋಗೋ ಮಗು ಅತ್ತೆ!"

"ಕಾಲೇಜು ಬರೋತನಕ ನಾನಿರಬೇಕಲ್ಲ."

ಹಪ್ಪಳ ಒತ್ತಿ, ಚಟ್ನಿಪುಡಿ ಕುಟ್ಟಿ ಮಾರಿ, ಬಂದದ್ದನ್ನು ತಿಂಗಳು ತಿಂಗಳು ತಂದು ಕಟ್ಟುತ್ತಿದ್ದರು. ಗುಬ್ಬಿಯಲ್ಲಿ ಪೋಸ್ಟಾಫೀಸಿಲ್ಲವೇ ಎಂದೆ. "ಅಲ್ಲಿ ಕಟ್ಟಿದ್ರೆ, ಮುದುಕಿ ಹತ್ರ ದುಡ್ಡಿದೆ ಅಂತ ಊರಿಗೆಲ್ಲ ಆಗುತ್ತೆ. ನಾಳೆ ಮಗೂಗೆ ಸ್ಕಾಲರ್‌ಷಿಪ್ಪು ಬರೋ ಹಾಗಿದ್ರೆ ಯಾರಾದ್ರೂ ಕಲ್ಲು ಹಾಕ್ಬಿಟ್ಟಾರು," ಎಂದರು. ಬಡತನ ಬಚ್ಚಿಟ್ಟ ಹೆಂಗಸು ಈಗ ಉಳಿತಾಯವನ್ನು ಬಚ್ಚಿಡುತ್ತಿದ್ದರು. ನನಗೆ ನಗು ಬಂತು. ಅವರೂ ನಕ್ಕರು. ಆಮೇಲೆ ಪಾಸ್‌ಬುಕ್ಕಿನ ಮೇಲೆ ಕೈಯಾಡಿಸುತ್ತಾ, "ಇದರಲ್ಲಿ ಒಂದು ಸುಖ ಇದೆ ನೋಡು. ಪೋಸ್ಟಾಫೀಸಿನೋರು ಮನೆ ನೋಡೋಕೆ ಬರಲ್ಲ," ಎಂದರು.

ನಾನು ಅವರ ಪಕ್ಕದಲ್ಲಿ ಕೂತೆ.

"ಬೆಳಗಿನ ರೈಲಲ್ಲೇ ಬರ್ತೀನಿ," ಎಂದರು. "ಅವಳು ನಿನ್ನ ಜೊತೆ ಬರಬೇಕಾಗಿದ್ದ ರೈಲು. ಕಿಟಕಿ ಪಕ್ಕ ಸಿಕ್ಕಿದ್ರೆ ಅಲ್ಲೇ ಕೂತ್ಕೋತೀನಿ..."

ಸೆರಗಿನ ಗಂಟನ್ನು ಬಿಗಿ ಮಾಡಿಕೊಂಡು ಮತ್ತೆ ಶುರು ಮಾಡಿದರು. ಹೋದ ತಿಂಗಳು ಕುಣಿಗಲ್ಲಿಗೆ ದೊಡ್ಡವಳ ಮನೆಗೆ ಹೋಗಿದ್ದರಂತೆ. ಅವಳು ಸುಖವಾಗಿದ್ದಳು, ಒಳ್ಳೆಯ ಗಂಡ, ಮನೆತುಂಬ ಮಕ್ಕಳು. ಬೀಗಿತ್ತಿಯರಿಬ್ಬರೂ ಮಧ್ಯಾಹ್ನ ಅವರೆಕಾಳು ಬಿಡಿಸುತ್ತಾ ಕೂತಿದ್ದಾಗ ಹಳೆಯ ಮಾತು ಬಂತಂತೆ.

"ಬೀಗಿತ್ತಿ ಏನಂದ್ಲು ಗೊತ್ತಾ? ಆವತ್ತು ಆ ಬೆಳ್ಳಿ ಲೋಟ ನಿಮ್ಮವಲ್ಲ ಅಂತ ನಂಗಾಗ್ಲೇ ಗೊತ್ತಾಯ್ತು ಕಣವ್ವ. ಸ್ವಂತದ್ದಾಗಿದ್ರೆ ಲೋಟ ಇಸ್ಕೊಳ್ಳಕ್ಕೆ ಅಂತ ಒಂದು ಹುಡ್ಗೀನ ಪಕ್ಕದಲ್ಲೇ ನಿಲ್ಲಿಸ್ತಾರಾ? ಅಂದ್ಲು."

ನಾನು ಅವರ ಮುಖ ನೋಡಿದೆ.

"ಗೊತ್ತಿದ್ದೂ ಯಾಕೆ ಒಪ್ಪಿದ್ರಿ ಅಂದೆ. ಅಯ್ಯೋ ಬುಡವ್ವ, ನಮ್ಮುಡುಗ ಕಟ್ಕೊಂಡು ಬಂದಿದ್ದ ವಾಚೂ ಪಕ್ಕದ ಮನೇದೇಯ, ಹುಡ್ಗಿ ಲಕ್ಷಣವಾಗವಳೆ ಅಂತ ಒಪ್ಪಿದ್ವಿ, ಅಂದ್ಲು."

ಅತ್ತೆ ನಗಲು ಶುರು ಮಾಡಿದರು. ಪೋಸ್ಟಾಫೀಸಿಗೆ ಬಂದವರೆಲ್ಲ ತಿರುಗಿ ನೋಡುವ ಹಾಗೆ ನಕ್ಕರು. ನಗು ಯಾವಾಗ ಅಳುವಾಯಿತೋ ನನಗೆ ತಿಳಿಯಲಿಲ್ಲ. ಸೆರಗನ್ನು ಬಾಯಿಗೆ ತುರುಕಿಕೊಂಡು, ಸದ್ದಿಲ್ಲದೆ, ಇಡೀ ಮೈ ಅಲುಗುವ ಹಾಗೆ...

"ಆವತ್ತು ಲೋಟ ತಿರುಗಿಸಿ ತೋರಿಸಿದ್ರೂ ಏನೂ ಆಗ್ತಿರ್ಲಿಲ್ಲ ಕಣೇ. ಇಬ್ಬರು ಮಕ್ಕಳದೂ ಆಗ್ತಿತ್ತು."

 ಅವರ ಕೈ ಹಿಡಿದುಕೊಂಡೆ. ಹಪ್ಪಳದ ಹಿಟ್ಟಿನ ಇಂಗಿನ ವಾಸನೆ ಬರುತ್ತಿತ್ತು. ಕೌಂಟರಿನಲ್ಲಿ ಅವರ ಸರದಿ ಬಂದಾಗ ಕಣ್ಣೊರೆಸಿಕೊಂಡು ಎದ್ದು, ನನ್ನ ಕಡೆ ತಿರುಗಿದರು.

"ಚಿಕ್ಕವಳಿಗೆ ಇದನ್ನ ಹೇಳಬೇಡ. ಓದು ಹೋದ್ರೂ ಅಕ್ಕನ ಮದುವೆಗಾಯ್ತು ಅಂದ್ಕೊಂಡಿದಾಳೆ. ಅದನ್ನೂ ಕಿತ್ಕೊಂಡ್ರೆ ಅವಳಿಗೇನು ಉಳಿಯುತ್ತೆ? ಹಂಗೇ ಇರ್ಲಿ."

ಆ ದಶಕ ಮುಗಿಯುವ ಮುಂಚೆಯೇ ಅತ್ತೆ ಹೋದರು. ಜ್ವರ ಎಂದು ಮಲಗಿದವರು ಏಳಲಿಲ್ಲವಂತೆ. ಪೋಸ್ಟಾಫೀಸಿನ ದುಡ್ಡು ಬಿಡಿಸಿಕೊಳ್ಳಲು ಚಿಕ್ಕವಳು ಮಗಳ ಕೈ ಹಿಡಿದುಕೊಂಡು ತುಮಕೂರಿಗೆ ಬಂದಳು. ನಾನೂ ಜೊತೆಗಿದ್ದು, ಕೆಲಸ ಮುಗಿಸಿ ಇಬ್ಬರನ್ನೂ ನಮ್ಮ ಮನೆಗೆ ಕರೆದುಕೊಂಡು ಬಂದೆ. ಸ್ಟೀಲ್ ಲೋಟದಲ್ಲಿ ಕಾಫಿ ಕೊಟ್ಟೆ. ಕುಡಿದಾದ ಮೇಲೆ, "ಆ ಲೋಟ ಇದೆಯಾ ಅಕ್ಕಾ?" ಎಂದಳು. ಯಾವುದು ಎಂದು ನಾನು ಕೇಳಲಿಲ್ಲ. ತಂದುಕೊಟ್ಟೆ. ತಿರುಗಿಸಿ, ತಳದ ಅಕ್ಷರಗಳ ಮೇಲೆ ಬೆರಳಾಡಿಸಿದಳು.

"ಪಾಪ ಅಮ್ಮ," ಎಂದಳು. "ಆವತ್ತು ಬೇರೆ ದಾರಿ ಇರ್ಲಿಲ್ಲ, ಅಲ್ವಾ ಅಕ್ಕಾ?"

"ಇರ್ಲಿಲ್ಲ ಕಣೇ," ಎಂದೆ.

"ನಮ್ಮಕ್ಕನಿಗೆ ಒಳ್ಳೇದಾಯ್ತು. ಅಷ್ಟು ಸಾಕು." ಲೋಟವನ್ನು ಮೇಜಿನ ಮೇಲಿಟ್ಟು, ಮಗಳ ಜಡೆ ಸರಿ ಮಾಡಿದಳು. ಅತ್ತೆ ಕಟ್ಟಿದ ಆ ದುಡ್ಡನ್ನು ಖರ್ಚು ಮಾಡದೆ, ಮಗಳ ಹೆಸರಿನಲ್ಲಿ ಮತ್ತೆ ಪೋಸ್ಟಾಫೀಸಿನಲ್ಲೇ ಇಟ್ಟಳು. ಆ ಹುಡುಗಿ ಮುಂದೆ ತುಮಕೂರಿಗೇ ಬಂದು ಬಿ.ಎಸ್ಸಿ. ಓದಿದಳು. ನಿಟ್ಟೂರಿನಿಂದ ಬೆಳಗಿನ ರೈಲಿನಲ್ಲಿ.

ಹೋದ ವಾರ ಫೋನ್ ಮಾಡಿದ್ದು ಅವಳೇ. "ಆಂಟಿ, ಅಮ್ಮ ಹೋಗಿಬಿಟ್ರು," ಎಂದಳು. ಚಿಕ್ಕವಳೂ ಹೋದಳು. ಅವಳಿಗೆ ಹೇಳಬಾರದು ಎಂದು ಇಷ್ಟು ವರ್ಷ ಬಾಯಿ ಕಟ್ಟಿಕೊಂಡಿದ್ದೆ. ಈಗ ಬರೆದೆ. ಇದನ್ನು ಕೇಳಿ ನೋಯಬೇಕಾದವಳು ಉಳಿದಿಲ್ಲ. ನೋಯಲು ಈಗ ನಾನೊಬ್ಬಳೇ.

ಲೋಟಗಳನ್ನು ತೊಳೆದು, ನೀರಿಳಿಯಲೆಂದು ಬುಟ್ಟಿಯಲ್ಲಿ ಒಂದೊಂದಾಗಿ ಬೋರಲು ಹಾಕಿದೆ. ಅತ್ತೆ ತಂದುಕೊಟ್ಟಿದ್ದ ಹಾಗೆಯೇ ಹೆಸರೆಲ್ಲ ಮೇಲೆ ಬಂತು. ಅಡುಗೆ ಮನೆಯ ಕಿಟಕಿಯಿಂದ ಬಿಸಿಲು ಬಿದ್ದು ಆ ಚುಕ್ಕಿಗಳು ಹೊಸ್ತಿಲಿನಿಂದಲೇ ಓದುವಷ್ಟು ಸ್ಪಷ್ಟವಾಗಿ ಕಾಣುತ್ತಿದ್ದವು...